ಜ್ವರ ಎಂದಷ್ಟೇ ಬರೆದರೆ ಸಾಲದು: ಕ್ಲಿನಿಕ್‌ನ ಕಂಪ್ಯೂಟರಿಗೆ ಕಾಯಿಲೆ ಕೋಡ್ ಹಾಕುವುದು ಹೇಗೆ?

ಜ್ವರ ಎಂದು ಬಂದ ರೋಗಿಗೆ ಆರ್50.9 ಒತ್ತಿ ಮುಂದಿನವರನ್ನು ಕರೆಯುವುದು ಕ್ಷಣದ ಕೆಲಸ. ಆ ಕೋಡ್ ಹೇಳುವುದು ‘ಇಂಥದ್ದೆಂದು ಗೊತ್ತಿಲ್ಲದ ಜ್ವರ’ ಎಂದು. ನಾಲ್ಕು ದಿನ ಬಿಟ್ಟು ಲ್ಯಾಬ್ ವರದಿ ಬರುತ್ತದೆ, ಇಲಿ ಜ್ವರ ಎಂದು ಖಚಿತವಾಗುತ್ತದೆ, ಔಷಧಿ ಬದಲಾಗುತ್ತದೆ. ಕೋಡ್ ಮಾತ್ರ ಹಾಗೇ ಉಳಿಯುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ಇಲಿ ಜ್ವರ ಎಷ್ಟು ಬಂತು, ಯಾವ ಊರಿನಿಂದ ಬಂತು ಎಂದು ಮುಂದಿನ ಜೂನ್‌ನಲ್ಲಿ ಹುಡುಕಿದರೆ ಉತ್ತರ ಸೊನ್ನೆ. ಗದ್ದೆ ನೆಟ್ಟಿ ಶುರುವಾಗುವ ಮೊದಲು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರದ ವೈದ್ಯರಿಗೆ ಬೇಕಾದ ಮಾಹಿತಿಯೇ ಅದು.

ಇಲ್ಲಿನ ಕೋಡ್‌ಗಳ ಇಂಗ್ಲಿಷ್ ಅಕ್ಷರಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ.

ಮೊದಲು ಪಟ್ಟಿ ಯಾವುದೆಂದು ನೋಡಿ

ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿಯ ಹೆಸರು ಐಸಿಡಿ. ಐಸಿಡಿ-10 ಎಂದು ಹೇಳಿ ಮಾರುವ ಸಾಫ್ಟ್‌ವೇರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಪಟ್ಟಿ ಇರಬಹುದು, ಅಮೆರಿಕದವರು ತಮ್ಮ ವಿಮೆಯ ಬಿಲ್ಲಿಗೆ ಹಿಗ್ಗಿಸಿಕೊಂಡ ಪಟ್ಟಿಯೂ ಇರಬಹುದು. ಪರೀಕ್ಷೆ ಸುಲಭ. ಮರದಿಂದ ಬೀಳುವುದಕ್ಕೆ ಡಬ್ಲ್ಯು14 ಎಂದು ಹುಡುಕಿ. ಅದರ ಬಾಲಕ್ಕೆ ಎಕ್ಸ್‌ಎಕ್ಸ್‌ಎಕ್ಸ್‌ಎ ಅಂಟಿಕೊಂಡು ಬಂದರೆ ಅದು ಅಮೆರಿಕದ್ದು. ಡೆಂಗಿಯೂ ಗುಟ್ಟು ಬಿಟ್ಟುಕೊಡುತ್ತದೆ: ಮೂಲ ಪಟ್ಟಿಯ ಪರಿಷ್ಕೃತ ರೂಪದಲ್ಲಿ ಎ97 ಇದೆ, ಅಮೆರಿಕದ್ದರಲ್ಲಿ ಹಳೆಯ ಎ90, ಎ91. ಎರಡನ್ನೂ ಬೆರೆಸಿದರೆ ಒಂದೇ ಕಾಯಿಲೆ ಎರಡು ಕಡೆ ಎಣಿಕೆಯಾಗುತ್ತದೆ. ಸಾಫ್ಟ್‌ವೇರ್ ಕೊಟ್ಟವರಿಂದ ಮೂಲ ಪಟ್ಟಿಯನ್ನೇ ಹಾಕಿಸಿಕೊಳ್ಳಿ.

ನಿಮ್ಮದೇ ಕಿರುಪಟ್ಟಿ

ಸಾವಿರಾರು ಕೋಡ್‌ಗಳಲ್ಲಿ ಸಾಮಾನ್ಯ ಕ್ಲಿನಿಕ್‌ಗೆ ದಿನವೂ ಬೇಕಾಗುವುದು ಐವತ್ತು-ಅರವತ್ತು. ಮೂರು ತಿಂಗಳ ಒಪಿಡಿ ಪುಸ್ತಕ ತೆಗೆದು ಹೆಚ್ಚು ಬಂದ ಕಾಯಿಲೆಗಳನ್ನು ಬರೆದುಕೊಳ್ಳಿ. ಎರಡನೇ ಬಗೆಯ ಸಕ್ಕರೆ ಕಾಯಿಲೆ ತೊಡಕಿಲ್ಲದಿದ್ದರೆ ಇ11.9, ಬಿಪಿಗೆ ಐ10, ಹೀಗೆ. ಆ ಮೂರು ತಿಂಗಳಲ್ಲಿ ಬಾರದಿದ್ದರೂ ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಇವು ಇರಲೇಬೇಕು: ಮಂಗನ ಕಾಯಿಲೆ ಎ98.2, ಇಲಿ ಜ್ವರ ಎ27.9, ಸ್ಕ್ರಬ್ ಟೈಫಸ್ ಎ75.3, ಹಾವಿನ ವಿಷ ಟಿ63.0. ಪಟ್ಟಿಯನ್ನು ಸಾಫ್ಟ್‌ವೇರ್‌ನ ‘ಫೇವರಿಟ್ಸ್’ನಲ್ಲಿ ಸೇರಿಸಿ, ಒಂದು ಪ್ರತಿಯನ್ನು ಮೇಜಿನ ಗಾಜಿನ ಕೆಳಗಿಡಿ.

ಬೆರಳಚ್ಚಿನ ತಪ್ಪು ಹೆಚ್ಚಾಗಿ ಆಗುವುದು ಐ10ರಲ್ಲಿ. ‘ಐ’ ಅಕ್ಷರದ ಬದಲು ಒಂದು ಬಿದ್ದರೆ 110 ಆಗಿ ಕೂರುತ್ತದೆ. ಆದ್ದರಿಂದ ಕೋಡ್ ಟೈಪ್ ಮಾಡಬೇಡಿ, ಕಾಯಿಲೆಯ ಹೆಸರು ಹುಡುಕಿ ಆರಿಸಿ.

ಜ್ವರಕ್ಕೆ ಎರಡು ಸಲ ಕೈಯಿಡಬೇಕು

ಸಿದ್ದಾಪುರದ ಕಡೆಯಿಂದ, ಕಾಡಿಗೆ ದರಕು ತರಲು ಹೋಗಿದ್ದವರು ಬೇಸಿಗೆಯಲ್ಲಿ ಜ್ವರ, ತಲೆನೋವು, ಮೈಕೈ ನೋವು ಎಂದು ಬಂದರೆ ಮಂಗನ ಕಾಯಿಲೆಯ ಗುಮಾನಿ ಸಹಜ. ಹಾಗೆಂದು ಆ ದಿನವೇ ಎ98.2 ಹಾಕಬೇಡಿ. ಪರೀಕ್ಷೆಯಲ್ಲಿ ಅಲ್ಲವೆಂದಾದರೂ ಆ ಹೆಸರು ರೋಗಿಯ ದಾಖಲೆಯಲ್ಲಿ ಉಳಿದುಬಿಡುತ್ತದೆ. ಮೊದಲ ದಿನ ಆರ್50.9 ಸಾಕು, ಗುಮಾನಿ, ಉಣುಗು ಕಚ್ಚಿದ ವಿವರ, ಊರು, ರಕ್ತದ ಮಾದರಿ ಕಳಿಸಿದ ದಿನಾಂಕ ಎಲ್ಲವನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಆರ್‌ಟಿ-ಪಿಸಿಆರ್ ಅಥವಾ ಐಜಿಎಂ ವರದಿ ಖಚಿತಪಡಿಸಿದ ಮೇಲೆ ಅದೇ ಭೇಟಿಯನ್ನು ತೆರೆದು ಕೋಡ್ ಬದಲಿಸಿ.

ಬದಲಿಸುವ ಕೆಲಸಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡದಿದ್ದರೆ ಅದು ಆಗುವುದೇ ಇಲ್ಲ. ಸಂತೆಯ ದಿನ ಬಿಟ್ಟು, ಜನ ಕಡಿಮೆ ಇರುವ ಮಧ್ಯಾಹ್ನ ಅರ್ಧ ಗಂಟೆ ಸಾಕು. ಆ ವಾರದ ಆರ್50.9 ಎಲ್ಲವನ್ನೂ ತೆಗೆದು, ಲ್ಯಾಬ್ ವರದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಸರಿಪಡಿಸಿ. ಎಲ್ಲ ಪದ್ಧತಿಗಳಲ್ಲಿ ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು.

ಕೋಡ್ ಹಾಕಿದ ಮಾತ್ರಕ್ಕೆ ಸರ್ಕಾರಕ್ಕೆ ವರದಿ ಹೋಗುವುದಿಲ್ಲ. ಗುಮಾನಿ ಇದ್ದಾಗಲೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಬೇಕು. ರೋಗಗಳ ಮೇಲೆ ನಿಗಾ ಇಡುವ ಸರ್ಕಾರಿ ಜಾಲತಾಣ ಐಎಚ್‌ಐಪಿಯಲ್ಲಿ ಗುಮಾನಿ ಪ್ರಕರಣಗಳ ‘ಪಿ’ ನಮೂನೆ ತುಂಬುವುದು ಬೇರೆಯೇ ಕೆಲಸ.

ಗಾಯಕ್ಕೆ ಜೋಡಿ ಕೋಡ್

ಶಿರಸಿ ಕಡೆ ಅಡಿಕೆ ಕೊನೆ ಕೊಯ್ಲಿನ ಹಂಗಾಮಿನಲ್ಲಿ ಮರದಿಂದ ಬಿದ್ದವರು ಬರುತ್ತಾರೆ. ಸೊಂಟದ ಕಶೇರು ಮುರಿದಿದ್ದರೆ ಎಸ್32.0 ಎಂದು ಹಾಕಿ ನಿಲ್ಲಿಸುವುದು ರೂಢಿ. ಹಾಗೆ ನಿಲ್ಲಿಸಿದರೆ ಮುರಿತ ದಾಖಲಾಯಿತು, ಅಡಿಕೆ ಮರ ಬಿಟ್ಟುಹೋಯಿತು. ಎರಡನೆಯ ಸಾಲಿನಲ್ಲಿ ಡಬ್ಲ್ಯು14.7 ಸೇರಿಸಿ. ಡಬ್ಲ್ಯು14 ಎಂದರೆ ಮರದಿಂದ ಬಿದ್ದದ್ದು. ಚುಕ್ಕೆಯ ನಂತರದ 7 ಎಂದರೆ ಜಾಗ ತೋಟ ಅಥವಾ ಜಮೀನು. ಮನೆಯಂಗಳದ ಮಾವಿನ ಮರವಾದರೆ 7ರ ಬದಲು 0. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರಿಗೆ ವಿಮೆ, ಸುರಕ್ಷಾ ಸಾಧನ ಎಂದು ಯಾರಾದರೂ ಲೆಕ್ಕ ಕೇಳಿದ ದಿನ ಈ ಎರಡನೆಯ ಸಾಲೇ ಪುರಾವೆ.

ಬೋಟಿನಲ್ಲಿ ಬಲೆ ಬಿಡಿಸುವಾಗ ತೊರಕೆ ಮೀನಿನ ಮುಳ್ಳು ಚುಚ್ಚಿಸಿಕೊಂಡು ಬಂದವರಿಗೂ ಇದೇ ಕ್ರಮ: ಮೀನಿನ ವಿಷಕ್ಕೆ ಟಿ63.5, ಜೊತೆಗೆ ವಿಷದ ಕಡಲ ಜೀವಿ ತಾಗಿದ್ದಕ್ಕೆ ಎಕ್ಸ್26.

ಸಾವಿನ ಕಾರಣ ಬರೆಯುವಾಗ

ಆಸ್ಪತ್ರೆಯಲ್ಲಿ ತೀರಿಕೊಂಡರೆ ನಮೂನೆ 4, ಹೊರಗಾದರೆ 4ಎ. ‘ಹೃದಯ ನಿಂತಿತು’ ಎಂಬುದು ಕಾರಣವಲ್ಲ. ಸಾಯುವ ಎಲ್ಲರದೂ ನಿಲ್ಲುತ್ತದೆ. ಮೇಲಿನ ಸಾಲಿನಲ್ಲಿ ಕಿಡ್ನಿಯ ತೀವ್ರ ವೈಫಲ್ಯ, ಅದರ ಕೆಳಗೆ ಅದಕ್ಕೆ ಕಾರಣವಾದ ಇಲಿ ಜ್ವರ ಎಂದು ಬರೆದರೆ, ಎಣಿಕೆಗೆ ಸಿಗುವುದು ಕೆಳಗಿನ ಮೂಲ ಕಾರಣ.

ಐಸಿಡಿ-11ಕ್ಕೆ ಈಗಿನಿಂದಲೇ

ಹೊಸ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟದಲ್ಲಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಎರಡನೇ ಬಗೆಯ ಸಕ್ಕರೆ ಕಾಯಿಲೆ 5ಎ11, ಬಿಪಿ ಬಿಎ00. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲೆಂದು ‘ಐ’, ‘ಓ’ ಅಕ್ಷರಗಳನ್ನೇ ಕೈಬಿಟ್ಟಿದ್ದಾರೆ. ದೊಡ್ಡ ಬದಲಾವಣೆ ಎಂದರೆ ಕೋಡ್‌ಗಳನ್ನು ಜೋಡಿಸುವ ಪದ್ಧತಿ. ಸಕ್ಕರೆಯಿಂದ ಕಣ್ಣಿನ ಪರದೆಗೆ ಹಾನಿಯಾದರೆ ಹಿಂದೆ ಇ11.3; ಈಗ ಕಣ್ಣಿನ ಕೋಡ್ ಬರೆದು, ಓರೆಗೆರೆ ಎಳೆದು, 5ಎ11 ಸೇರಿಸಬೇಕು. ಬಲಗಡೆ ಎನ್ನಲು ಎಕ್ಸ್‌ಕೆ9ಕೆ. ಆದ್ದರಿಂದ ಕೋಡ್ ಕಾಲಂ ಆರೇಳು ಅಕ್ಷರಕ್ಕೇ ಮುಗಿಯುವ ಸಾಫ್ಟ್‌ವೇರ್ ಇದ್ದರೆ ಈಗಲೇ ಬದಲಿಸಲು ಹೇಳಿ.

ಜೊಯಿಡಾದಂಥ ಕಡೆ ನೆಟ್‌ವರ್ಕ್ ನಂಬಿ ಕೂರಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಹುಡುಕುವ ಸಾಧನವನ್ನು ಕ್ಲಿನಿಕ್‌ನ ಕಂಪ್ಯೂಟರಿನಲ್ಲೇ ಸ್ಥಾಪಿಸಿಕೊಳ್ಳಬಹುದು, ಹಣ ಕೊಡಬೇಕಿಲ್ಲ. ಆಯುರ್ವೇದ, ಸಿದ್ಧ, ಯುನಾನಿ ರೋಗಗಳ ವಿಭಾಗವೂ 2024ರ ಜನವರಿಯಲ್ಲಿ ಬಿಡುಗಡೆಯಾಗಿ ಈಗ ಪಟ್ಟಿಗೆ ಸೇರಿರುವುದರಿಂದ ಘಟ್ಟದ ಮೇಲಿನ ವೈದ್ಯರಿಗೂ ಇದು ಉಪಯೋಗ.

ಬದಲಾಯಿಸುವ ದಿನ ಹಳೆಯ ಕೋಡ್‌ಗಳ ಮೇಲೆ ಹೊಸದನ್ನು ಬರೆಸಬೇಡಿ. ಪಕ್ಕದಲ್ಲಿ ಹೊಸ ಕಾಲಂ ಮಾಡಿಸಿ, ಯಾವ ಪಟ್ಟಿಯ ಕೋಡ್ ಎಂಬುದನ್ನೂ ಪ್ರತಿ ಸಾಲಿನಲ್ಲಿ ಉಳಿಸಿ. ಡಾಕ್ಟರು ತಮ್ಮ ಮಾತಿನಲ್ಲಿ ಬರೆದ ರೋಗನಿರ್ಣಯವನ್ನಂತೂ ಅಳಿಸಲೇಬೇಡಿ. ಪರಿವರ್ತನೆಯಲ್ಲಿ ಕೋಡ್ ತಪ್ಪಿದರೆ ಸರಿಪಡಿಸಲು ಉಳಿಯುವ ಆಧಾರ ಅದೊಂದೇ.