ಸ್ಕ್ರಮ್ ಮಾಸ್ಟರ್ ಆಗಬೇಕಾ? ಈಗಿರುವ ಟೀಮಿನಲ್ಲೇ ಶುರು ಮಾಡಿ

ಸ್ಪ್ರಿಂಟ್ ಅನ್ನುವ ಚಿಕ್ಕ ಚಿಕ್ಕ ಅವಧಿಗಳಲ್ಲಿ ಟೀಮ್ ಕೆಲಸ ಮುಗಿಸುತ್ತಾ ಹೋಗುವ ರೀತಿಯೇ ಸ್ಕ್ರಮ್. ಅದು ಸರಿಯಾಗಿ ನಡೆಯುವಂತೆ ಟೀಮಿಗೆ ನೆರವಾಗುವವರು ಸ್ಕ್ರಮ್ ಮಾಸ್ಟರ್. ಅದಕ್ಕೆ ಯಾವ ಸರ್ಟಿಫಿಕೇಟ್ ಮಾಡಲಿ ಅಂತ ತುಂಬಾ ಜನ ನನ್ನನ್ನು ಕೇಳುತ್ತಾರೆ. ಸಿಎಸ್‌ಎಂಗೆ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್) ಕೋರ್ಸ್ ಬೇಕೇ ಬೇಕು. ಪಿಎಸ್‌ಎಂ 1ಕ್ಕೆ (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಕಡ್ಡಾಯವಿಲ್ಲ, ಓದಿಕೊಂಡು ಪರೀಕ್ಷೆ ಬರೆಯಬಹುದು. 60 ನಿಮಿಷ, 80 ಪ್ರಶ್ನೆ, ಪಾಸಾಗಲು ಶೇ. 85. 2020ರ ಸ್ಕ್ರಮ್ ಗೈಡ್ ಪುಕ್ಕಟೆ ಸಿಗುತ್ತದೆ, ಎರಡು ಸಲ ಓದಿ. ಸರ್ಟಿಫಿಕೇಟ್ ಇಂಟರ್‌ವ್ಯೂ ತನಕ ಕರೆದುಕೊಂಡು ಹೋಗುತ್ತದೆ, ಅಷ್ಟೇ.

ಅಲ್ಲಿ ಹೇಳಿಕೊಳ್ಳಲು ಅನುಭವ ಬೇಕಲ್ವಾ? ಟೆಸ್ಟರ್ ಆಗಿರಿ, ಡೆವಲಪರ್ ಆಗಿರಿ, "ಈ ಸಲದ ರೆಟ್ರೋ ನಾನು ನಡೆಸಲಾ?" ಅಂತ ಕೇಳಿ. ರೆಟ್ರೋ ಅಂದರೆ ಸ್ಪ್ರಿಂಟ್ ಕೊನೆಯಲ್ಲಿ ಏನು ಸರಿ ಹೋಯಿತು, ಏನು ಸರಿ ಹೋಗಲಿಲ್ಲ ಅಂತ ಟೀಮ್ ಮಾತಾಡುವ ಸಭೆ. ಬೇಡ ಅನ್ನುವವರು ಕಡಿಮೆ. ಆ ಕೆಲಸ ಯಾರಿಗೂ ಅಷ್ಟು ಇಷ್ಟವಿಲ್ಲ!

ಡೈಲಿ ಸ್ಕ್ರಮ್‌ಗೆ (ಟೀಮ್ ದಿನಾ ಸೇರುವ ಚಿಕ್ಕ ಸಭೆ) ಇರುವುದು 15 ನಿಮಿಷ. ಎಲ್ಲರೂ ಲೀಡ್ ಮುಖ ನೋಡಿಕೊಂಡು ವರದಿ ಒಪ್ಪಿಸುತ್ತಿದ್ದರೆ ಅದು ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ. ಟೀಮಿನ ಬೋರ್ಡಿನಲ್ಲಿ ಒಂದೊಂದು ಕೆಲಸಕ್ಕೆ ಒಂದು ಕಾರ್ಡ್, ಕೆಲಸ ಸಾಗಿದ ಹಾಗೆ ಅದು ಎಡದಿಂದ ಬಲಕ್ಕೆ ಸರಿಯುತ್ತದೆ. ನಾನು ಬೋರ್ಡನ್ನು ಬಲಗಡೆಯಿಂದ ಓದಿಸುತ್ತೇನೆ. ಮುಗಿಯಲು ಹತ್ತಿರವಿರುವ ಕಾರ್ಡ್ ಮೊದಲು. "ಲಾಗಿನ್ ಕಾರ್ಡ್ ಸೋಮವಾರದಿಂದ ರಿವ್ಯೂನಲ್ಲೇ ಕೂತಿದೆ, ಇದಕ್ಕೇನು ಬೇಕು?" ಅಂತ ಕೇಳಿದರೆ ಯಾರಾದರೂ "ನಾನು ನೋಡ್ತೀನಿ" ಅನ್ನುತ್ತಾರೆ. "ನೀನ್ಯಾಕೆ ಮುಗಿಸಿಲ್ಲ?" ಅಂದರೆ ಬರೀ ನೆಪ ಬರುತ್ತದೆ.

ರೆಟ್ರೋದಲ್ಲಿ ರಾಶಿ ದೂರು ಬರುತ್ತವೆ. ಒಂದನ್ನೇ ಹಿಡಿಯಿರಿ, ಮುಂದಿನ ಸ್ಪ್ರಿಂಟ್‌ನ ಬೋರ್ಡಿಗೆ ಕಾರ್ಡ್ ಮಾಡಿ ಹಾಕಿ, ಮುಗಿಸಿ ತೋರಿಸಿ. ತಾವು ಹೇಳಿದ್ದು ನಡೆಯುತ್ತದೆ ಅಂತ ಕಂಡರೆ ಸುಮ್ನೆ ಕೂರುವವರೂ ಬಾಯಿ ಬಿಡುತ್ತಾರೆ. ಪಿಜ್ಜಾ ಪಾರ್ಟಿಗಿಂತ ಇದರ ಗುಣ ಜಾಸ್ತಿ.

ಎರಡು ಟೀಮುಗಳ ವೆಲಾಸಿಟಿಯನ್ನು ಮಾತ್ರ ಹೋಲಿಸಬೇಡಿ. ವೆಲಾಸಿಟಿ ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಕೆಲಸದ ಲೆಕ್ಕ, ಟೀಮ್ ತಾನೇ ಅಂದಾಜು ಹಾಕಿದ ಪಾಯಿಂಟ್‌ಗಳಲ್ಲಿ. ಹೋಲಿಸಿದರೆ ಪಾಯಿಂಟ್ ಉಬ್ಬುತ್ತದೆ, ಕೆಲಸ ಅಷ್ಟೇ ಇರುತ್ತದೆ. ಮ್ಯಾನೇಜರ್ ಅಂಕಿ ಕೇಳಿದರೆ ಸ್ಪ್ರಿಂಟ್ ಗುರಿ ಮುಟ್ಟಿತೋ ಇಲ್ಲವೋ ತೋರಿಸಿ.