ಮಕ್ಕಳೊಂದಿಗೆ ಹಿರೇಬೆಣಕಲ್ ಗುಡ್ಡ ಹತ್ತುವುದು ಹೇಗೆ?

ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಹಿರೇಬೆಣಕಲ್ ಗ್ರಾಮದ ಗುಡ್ಡದ ಮೇಲೆ ಹೆಚ್ಚುಕಡಿಮೆ 400 ಬೃಹತ್ ಶಿಲಾ ಸ್ಮಾರಕಗಳಿವೆ. ಕ್ರಿಸ್ತಪೂರ್ವ 800ರಿಂದ 200ರ ನಡುವೆ, ಕಬ್ಬಿಣದ ಬಳಕೆಯನ್ನು ಬಲ್ಲ ಜನರು ಗತಿಸಿದ ತಮ್ಮವರಿಗಾಗಿ ನಿಲ್ಲಿಸಿದವು ಎಂದು ಪುರಾತತ್ವಜ್ಞರು ಹೇಳುವ ಈ ಕಲ್ಲುಮನೆಗಳಿರುವ ಎತ್ತರವನ್ನು ಸುತ್ತಲಿನ ಊರಿನವರು ಮೋರ್ಯರ ಗುಡ್ಡ ಎಂದು ಕರೆಯುತ್ತಾರೆ. 1835ರಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇದರ ಬಗ್ಗೆ ಮೊದಲ ವರದಿ ಬರೆದರು. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇದು ಸೇರಿತು. ಇಲ್ಲಿಗೆ ಮಕ್ಕಳನ್ನು ಕರೆತರುವ ತಂದೆ–ತಾಯಂದಿರಲ್ಲಿ ಅನೇಕರು ಹೊತ್ತು ಏರಿದ ಮೇಲೆ ಚಪ್ಪಲಿಯಲ್ಲೇ ಹೊರಟು, ಅರ್ಧ ದಾರಿಯಲ್ಲಿ ನೀರು ಮುಗಿಸಿ, ಮೇಲೆ ತಲುಪಿದ ಕೂಡಲೇ ಮಗುವನ್ನು ಚಪ್ಪಡಿಯ ಮೇಲೆ ಕೂರಿಸಿ ಫೋಟೊ ತೆಗೆದು ಇಳಿದುಬಿಡುವುದನ್ನು ಕಂಡು ಈ ಲೇಖನ ಬರೆಯಬೇಕೆನಿಸಿತು. ಈ ನಡಿಗೆಯಲ್ಲಿ ಹತ್ತುವುದು ಸಣ್ಣ ಕೆಲಸ; ಕಲ್ಲುಗಳ ನಡುವೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ದೊಡ್ಡದು.

ಕಾಲ ಮತ್ತು ಹೊತ್ತು

ನವೆಂಬರ್‌ನಿಂದ ಫೆಬ್ರುವರಿ ಆರಂಭದವರೆಗಿನ ದಿನಗಳನ್ನಷ್ಟೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಈ ಭಾಗದ ತಾಪಮಾನ 40 ಡಿಗ್ರಿ ಮುಟ್ಟುತ್ತದೆ, ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆ ಜಾರುತ್ತದೆ. ಹಿಂದಿನ ರಾತ್ರಿ ಗಂಗಾವತಿಯಲ್ಲಿಯೋ ಹೊಸಪೇಟೆಯಲ್ಲಿಯೋ ತಂಗಿ, ಸೂರ್ಯ ಹುಟ್ಟಿದ ಮೇಲೆ, ಏಳು ಗಂಟೆಯೊಳಗೆ ನಡಿಗೆ ಶುರು ಮಾಡಿ, ಹನ್ನೊಂದರ ಒಳಗೆ ಊರಿಗೆ ಮರಳಿರಬೇಕು. ಹೊತ್ತು ಏರಿದಂತೆ ಸುಡುವಷ್ಟು ಬಿಸಿಯಾಗುವ ಹಾಸುಬಂಡೆಯ ಕಾವು ದೊಡ್ಡವರಿಗಿಂತ ನೆಲಕ್ಕೆ ಹತ್ತಿರವಿರುವ ಮಕ್ಕಳಿಗೆ ಬೇಗ ತಟ್ಟುತ್ತದೆ. ಹಾಗೆಂದು ಕತ್ತಲಿರುವಾಗಲೇ ಹೊರಡುವುದೂ ತಪ್ಪು. ಈ ಸೀಮೆಯ ಗುಡ್ಡಗಳಲ್ಲಿ ಕರಡಿ ಮತ್ತು ಚಿರತೆ ಇವೆ, ನಸುಕು ಮತ್ತು ಮುಸ್ಸಂಜೆ ಅವು ಓಡಾಡುವ ಹೊತ್ತು. ಸಂಜೆಯ ಬೆಳಕಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆಂಬ ಸಲಹೆಯನ್ನು ಮಕ್ಕಳಿರುವವರು ಕಿವಿಗೆ ಹಾಕಿಕೊಳ್ಳಬಾರದು.

ಅದೇ ದಿನ ಅಂಜನಾದ್ರಿ, ಆನೆಗೊಂದಿ, ಹಂಪಿಗಳನ್ನೂ ಮುಗಿಸುವ ಯೋಜನೆಯನ್ನು ಕೈಬಿಡಿ. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಬಂದ ಮಗುವಿಗೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಕಲ್ಲಿನಲ್ಲಿ ಯಾವ ಕುತೂಹಲವೂ ಉಳಿದಿರುವುದಿಲ್ಲ.

ಹೊರುವುದು ಮತ್ತು ತೊಡುವುದು

ದೊಡ್ಡವರಿಗೆ ತಲಾ ಎರಡು ಲೀಟರ್, ಮಕ್ಕಳಿಗೆ ತಲಾ ಒಂದು ಲೀಟರ್ ನೀರು ಇರಲಿ. ಮೇಲಿರುವ ಕೊಳದ ನೀರನ್ನು ನೋಡಬಹುದೇ ಹೊರತು ಕುಡಿಯಬಾರದು. ಔಷಧ ಅಂಗಡಿಯಲ್ಲಿ ಸಿಗುವ, ಒಂದು ಲೀಟರ್ ನೀರಿಗೆ ಪೂರ್ತಿ ಕರಗಿಸಬೇಕಾದ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಓಆರ್‌ಎಸ್ ಪುಡಿಯ ಪೊಟ್ಟಣವೊಂದನ್ನು ಚೀಲದಲ್ಲಿಟ್ಟುಕೊಳ್ಳಿ. ಕಾಗದದ ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದೇ ನಂಬಿ ಕೊಂಡು ತರುವವರಿದ್ದಾರೆ; ಸಕ್ಕರೆ ಹೆಚ್ಚಿರುವ ಅವು ಬಳಲಿದ ಮಗುವಿನ ಬಾಯಾರಿಕೆಯನ್ನು ನೀಗಿಸುವುದಿಲ್ಲ. ತಿನ್ನಲು ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು ಸಾಕು. ಗಂಗಾವತಿಯ ಮಂಡಾಳ ಒಗ್ಗರಣೆ ಮತ್ತು ಮಿರ್ಚಿ ರುಚಿಯಾದ ತಿಂಡಿಯೇ ಹೌದು, ಆದರೆ ಅದನ್ನು ಇಳಿದು ಬಂದ ಮೇಲೆ ತಿನ್ನುವುದು ಹೊಟ್ಟೆಗೆ ಕ್ಷೇಮ.

ಕಾಲಿಗೆ ಗೀರುಗಳು ಸವೆಯದ ರಬ್ಬರ್ ಅಡಿಯ ಮುಚ್ಚಿದ ಬೂಟು, ಮುಳ್ಳಿನ ಪೊದೆಗಳಿಂದ ಕಾಪಾಡಿಕೊಳ್ಳಲು ಉದ್ದನೆಯ ಪ್ಯಾಂಟು, ತಲೆಗೆ ಬಟ್ಟೆಯ ಟೋಪಿ ಬೇಕು. ಪ್ರವಾಸಿ ಸ್ಥಳಗಳ ಬದಿಯಲ್ಲಿ ಚಾರಣದ ಚಪ್ಪಲಿ ಎಂದು ಮಾರುವ ಅಗ್ಗದ ಪ್ಲಾಸ್ಟಿಕ್ ಚಪ್ಪಲಿಗಳ ಅಂಟು ಕಾದ ಬಂಡೆಯ ಮೇಲೆ ಬಿಟ್ಟುಕೊಳ್ಳುತ್ತದೆ. ನಡೆಯಲು ಬಾರದ ಕೂಸನ್ನು ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು, ಏಕೆಂದರೆ ಬಂಡೆಗಳ ನಡುವೆ ಹೆಜ್ಜೆ ಇಡುವಾಗ ಎರಡೂ ಕೈಗಳು ಬಿಡುವಾಗಿರಲೇಬೇಕು. ಸುಗಂಧ ದ್ರವ್ಯ ಬೇಡ. ಎತ್ತರದ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟಿರಬಹುದು.

ಹತ್ತುವ ದಾರಿ

ಊರಿನಲ್ಲಿ ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕೂಲಿಯನ್ನು ಹೊರಡುವ ಮೊದಲೇ ಮಾತಾಡಿಕೊಂಡು ಗೌರವದಿಂದ ಕೊಡಿ. ಮೊಬೈಲಿನ ನಕ್ಷೆ ಗುರಿಯನ್ನು ತೋರಿಸುತ್ತದೆಯೇ ಹೊರತು ಪೊದೆಗಳ ನಡುವಿನ ಕಾಲುದಾರಿಯನ್ನು ನಂಬುವಂತೆ ತೋರಿಸುವುದಿಲ್ಲ. ಎರಡು–ಮೂರು ಕಿಲೋಮೀಟರ್‌ನ ಏರು, ಮಕ್ಕಳ ನಡಿಗೆಯಲ್ಲಿ ಒಂದೂವರೆ ಗಂಟೆ. ಉಳಿದಂತೆ ಇದರಲ್ಲಿ ಕಷ್ಟವೇನಿಲ್ಲ.

ಕಲ್ಲುಮನೆಗಳ ನಡುವೆ

ಇಲ್ಲಿಗೆ ಬಂದ ಮೇಲೆ ಮೊದಲು ಎಲ್ಲರನ್ನೂ ಹತ್ತು ನಿಮಿಷ ನೆರಳಿನಲ್ಲಿ ಕೂರಿಸಿ, ನೀರು ಕುಡಿಸಿ, ನಿಯಮಗಳನ್ನು ಹೇಳಬೇಕು. ಉತ್ಸಾಹದಲ್ಲಿ ಓಡಲು ತೊಡಗಿದ ಮಕ್ಕಳಿಗೆ ಆಮೇಲೆ ಕೂಗಿ ಹೇಳಿದರೆ ಪ್ರಯೋಜನವಿಲ್ಲ.

ಮೊದಲ ನಿಯಮ, ಯಾವ ಕಲ್ಲನ್ನೂ ಒರಗಬಾರದು, ಹತ್ತಬಾರದು. ಒಂದು ಕಲ್ಲುಮನೆಯ ಮುಂದೆ ನಿಂತು ಅದು ನಿಂತಿರುವ ಬಗೆಯನ್ನು ಮಕ್ಕಳಿಗೆ ಬಿಡಿಸಿ ತೋರಿಸಿದರೆ ಈ ನಿಯಮಕ್ಕೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ: ಸುತ್ತಲೂ ನೆಟ್ಟ ಚಪ್ಪಡಿಗಳು, ಅವುಗಳಲ್ಲಿ ಒಂದಕ್ಕೆ ಕೊರೆದ ದುಂಡನೆಯ ಕಿಂಡಿ, ಮೇಲೆ ಹೊದಿಸಿದ ಮುಚ್ಚುಗಲ್ಲು. ಗಾರೆಯಿಲ್ಲ, ಕೀಲಿಲ್ಲ, ಒಂದರ ಭಾರ ಇನ್ನೊಂದನ್ನು ಹಿಡಿದಿದೆ. ದೊಡ್ಡವು ಆಳೆತ್ತರವನ್ನು ಮೀರುತ್ತವೆ. ನಿಧಿಯ ಆಸೆಗೆ ಬಿದ್ದವರು ಅಗೆದು ಕೆಡವಿದ ಕೆಲವು ಮನೆಗಳ ಚಪ್ಪಡಿಗಳು ಅಡ್ಡಬಿದ್ದಿರುವುದನ್ನೂ ಮಕ್ಕಳು ನೋಡಲಿ. ಈ ಅಗೆತದಿಂದ ಯಾರಿಗೂ ಸಂಪತ್ತು ದಕ್ಕಲಿಲ್ಲ, ನಮ್ಮೆಲ್ಲರ ಪಾಲಿನ ಚರಿತ್ರೆಯ ಒಂದು ತುಂಡು ಮಾತ್ರ ಹೋಯಿತು ಎಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ಎರಡನೆಯದು, ಕಿಂಡಿಯೊಳಗೆ ತಲೆ, ಕೈ ಹಾಕಬಾರದು. ಒಳಗೆ ಹಾವು, ಚೇಳು ಇರಬಹುದೆಂಬುದು ಒಂದು ಕಾರಣ. ಅದು ಯಾರದೋ ನೆನಪಿಗಾಗಿ ಕಟ್ಟಿದ ಜಾಗ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಎರಡು ಹೆಜ್ಜೆ ದೂರದಲ್ಲಿ ಕುಳಿತು ಕಿಂಡಿಯ ಮೂಲಕ ಒಳಗಿನ ಬೆಳಕನ್ನು ನೋಡಿದರೆ ಸಾಕಷ್ಟು ಕಾಣುತ್ತದೆ.

ಆಮೇಲೆ ಮಕ್ಕಳಿಗೊಂದು ಹುಡುಕಾಟದ ಕೆಲಸ ಕೊಡಿ, ಇದು ನಾನು ಬಲವಾಗಿ ಶಿಫಾರಸು ಮಾಡುವ ಕ್ರಮ. ಗೋಡೆಯ ಚಪ್ಪಡಿಯ ದಪ್ಪವನ್ನು ಮುಟ್ಟದೆ ಕಣ್ಣಳತೆಯಲ್ಲಿ ಅಂದಾಜು ಮಾಡಿ, ಅದೇ ದಪ್ಪದ ಪದರಗಳು ಹತ್ತಿರದ ಹಾಸುಬಂಡೆಯಲ್ಲಿ ಎಲ್ಲಿವೆ ಎಂದು ಹುಡುಕಲಿ. ಗ್ರಾನೈಟ್ ಬಂಡೆಯ ಮೇಲ್ಭಾಗ ಬಿಸಿಲು–ತಂಪುಗಳ ಏರಿಳಿತಕ್ಕೆ ಹಿಗ್ಗಿ ಕುಗ್ಗಿ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡುತ್ತದೆ. ಆ ಬಿರುಕುಗಳಿಗೆ ಬೆಣೆ ಬಡಿದು ಚಪ್ಪಡಿಗಳನ್ನು ಎಬ್ಬಿಸಿದ ಜಾಗಗಳು ಇಲ್ಲಿಯೇ ಇವೆ. ಮೇಲಿನ ಕೊಳವೂ ಕಲ್ಲು ತೆಗೆದ ಜಾಗಕ್ಕೆ ಸೇರಿದ್ದೇ. ದೂರದಿಂದ ಯಾರೋ ದೈತ್ಯರು ಹೊತ್ತು ತಂದರು ಎಂಬ ಕತೆಗಿಂತ, ಬಂಡೆಯ ಸ್ವಭಾವವನ್ನು ಅರಿತ ಮನುಷ್ಯರು ಕಾಲ ಬುಡದ ಕಲ್ಲನ್ನೇ ಎಬ್ಬಿಸಿ ನಿಲ್ಲಿಸಿದರು ಎಂಬ ಸಂಗತಿ ಮಕ್ಕಳಿಗೆ ಹೆಚ್ಚು ಬೆರಗು ಹುಟ್ಟಿಸುತ್ತದೆ, ಏಕೆಂದರೆ ಅದನ್ನು ಅವರು ಕಣ್ಣಾರೆ ಪರೀಕ್ಷಿಸಬಹುದು. ಬಳಪ, ಬಣ್ಣ, ಚಾಕು ಚೀಲದಿಂದ ಹೊರಬರುವಂತಿಲ್ಲ. ಬರೆಯಬೇಕೆನ್ನುವ ಮಗುವಿಗೆ ಪುಸ್ತಕ ಮತ್ತು ಪೆನ್ಸಿಲ್ ಕೊಟ್ಟು ಕಲ್ಲುಮನೆಯ ಚಿತ್ರ ಬಿಡಿಸಲು ಹೇಳಿ.

ಗುಂಡುಗಲ್ಲುಗಳ ಆಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ: ಕುಣಿಯುವ ಜನ, ಬೇಟೆಗಾರರು, ಕುದುರೆ ಸವಾರರು, ಜಿಂಕೆ, ನವಿಲು. ಬಣ್ಣ ಎದ್ದು ಕಾಣಲೆಂದು ಇವುಗಳ ಮೇಲೆ ಬಾಟಲಿಯ ನೀರು ಎರಚುವ ಕೆಟ್ಟ ಚಾಳಿಯನ್ನು ಕಂಡಲ್ಲಿ ತಡೆಯಬೇಕು. ನೀರಿನೊಡನೆ ಕಲ್ಲಿನೊಳಗಿನ ಲವಣಗಳು ಮೇಲೆದ್ದು, ಒಣಗಿದ ಮೇಲೆ ಬಿಳಿಯ ಪೊರೆಯಾಗಿ ಚಿತ್ರವನ್ನೇ ಮುಚ್ಚುತ್ತವೆ. ಚಿತ್ರ ಮಸುಕಾಗಿದ್ದರೆ ಸುಮ್ಮನೆ ಫೋಟೊ ತೆಗೆದುಕೊಂಡು, ಮನೆಯಲ್ಲಿ ಶಿಲಾಚಿತ್ರ ಸಂಶೋಧಕರು ಬಳಸುವ ಡಿಸ್ಟ್ರೆಚ್ ಎಂಬ ತಂತ್ರಾಂಶಕ್ಕೆ ಹಾಕಿ ನೋಡಿ. ಬರಿಗಣ್ಣಿಗೆ ಸಿಗದ ಕೆಂಪು ಗೆರೆಗಳು ಅದರಲ್ಲಿ ಎದ್ದುಬರುತ್ತವೆ. ನಾನು ಒಪ್ಪುವ ಅಡ್ಡದಾರಿ ಇದೊಂದೇ.

ಇನ್ನು ನಗಾರಿಯ ವಿಷಯ. ಸುಮಾರು 10 ಮೀಟರ್ ಎತ್ತರದ ಬಂಡೆಯ ಮೇಲೆ ನಗಾರಿಯಂತಿರುವ ಅರೆಗೋಳಾಕಾರದ ದೊಡ್ಡ ಕಲ್ಲೊಂದಿದ್ದು, ಬಡಿದರೆ ಅದರ ನಾದ ಒಂದು ಕಿಲೋಮೀಟರ್‌ವರೆಗೆ ಕೇಳುತ್ತದೆಂದು ಹೇಳುತ್ತಾರೆ. ಅದನ್ನು ಕೇಳಿದ ಕೂಡಲೇ ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಲು ಮುಂದಾಗುತ್ತಾರೆ. ಹತ್ತಬೇಡಿ. ಬಿದ್ದರೆ ಎತ್ತಿಕೊಂಡು ಇಳಿಯಲು ಗಂಟೆಗಟ್ಟಲೆ ಬೇಕು, ಮತ್ತು ಬಂದವರೆಲ್ಲ ಕಲ್ಲಿನಿಂದ ಜಜ್ಜಿದರೆ ನಗಾರಿಯ ಮೈ ಚಕ್ಕೆಯೇಳುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಕಾನೂನು ವಿಧಿಸಬಲ್ಲದು ಎಂಬುದೂ ಗೊತ್ತಿರಲಿ.

ಇಳಿಯುವುದು

ಕಾಲು ದಣಿದಿರುವಾಗ ಇಳಿಯುವುದರಿಂದ ಪೆಟ್ಟಾಗುವ ಸಂಭವ ಹತ್ತುವಾಗಿನದಕ್ಕಿಂತ ಇಲ್ಲಿಯೇ ಹೆಚ್ಚು. ದಾರಿ ಬಲ್ಲವರು ಮುಂದೆ, ಮಕ್ಕಳು ನಡುವೆ, ಒಬ್ಬ ದೊಡ್ಡವರು ಕೊನೆಯಲ್ಲಿ ಇರಬೇಕು. ಕಡಿದಾದ ಕಡೆಗಳಲ್ಲಿ ದೊಡ್ಡವರು ಮೊದಲು ಇಳಿದು, ಕೆಳಗೆ ನಿಂತು ಮಗುವಿಗೆ ಕೈಕೊಡಬೇಕೇ ಹೊರತು ಮೇಲಿನಿಂದ ತೋಳು ಹಿಡಿದು ಎಳೆಯಬಾರದು. ಹಾಗೆ ಎಳೆದಾಗ ಸಣ್ಣ ಮಕ್ಕಳ ಮೊಣಕೈ ಕೀಲು ಸರಿಯುವುದುಂಟು. ಬಂಡೆ ನುಣುಪಾಗಿದ್ದಲ್ಲಿ ಮಕ್ಕಳು ಕುಳಿತು ಜರುಗಿಕೊಂಡು ಇಳಿಯಲಿ, ಬಟ್ಟೆ ಕೊಳೆಯಾದರೆ ಆಗಲಿ. ಬಾಳೆಹಣ್ಣಿನ ಸಿಪ್ಪೆಯೂ ಸೇರಿದಂತೆ ಕಸವೆಲ್ಲ ಚೀಲದಲ್ಲಿ ಕೆಳಗೆ ಬರಬೇಕು.

ಮಧ್ಯಾಹ್ನ ವಿಶ್ರಾಂತಿ ಪಡೆದ ಮೇಲೂ ಮಕ್ಕಳಲ್ಲಿ ಹುಮ್ಮಸ್ಸು ಉಳಿದಿದ್ದರೆ, ಮರುದಿನ ಬೆಳಿಗ್ಗೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳನ್ನು ನೋಡಲು ಹೋಗಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹವನ್ನು ಬಂಡೆಗೆ ಕೊರೆಯುವ ಹೊತ್ತಿಗೆ ಹಿರೇಬೆಣಕಲ್ಲಿನ ಕಲ್ಲುಮನೆಗಳ ಕಾಲವೂ ಇನ್ನೂ ಮುಗಿದಿರಲಿಲ್ಲ.