ಗರ್ಭಪಾತದ ಕಾಲಮಿತಿ: ವಾರಗಳ ಲೆಕ್ಕ ಇಟ್ಟುಕೊಳ್ಳುವ ಬಗೆ

ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಮುಟ್ಟು ತಪ್ಪಿದ ದಿನದಿಂದಲ್ಲ. ಆದ್ದರಿಂದ ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ವಾರಗಳನ್ನು ಎಣಿಸಿ.

ಭಾರತದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಕಾನೂನು ಒಪ್ಪುವ ಕಾರಣವಿದ್ದರೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ ಇಬ್ಬರು ವೈದ್ಯರು ಒಪ್ಪಬೇಕು; ಈ ಅವಕಾಶ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದಿತರಾದವರು ಮೊದಲಾದವರಿಗಿದ್ದು, ಅವಿವಾಹಿತೆಯರನ್ನೂ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ತಾಯಿಯ ಜೀವ ಉಳಿಸಲು ತಕ್ಷಣವೇ ಬೇಕಾದಾಗ ಈ ಮಿತಿ ಅಡ್ಡಬರುವುದಿಲ್ಲ.

ಮಿತಿಯನ್ನು ಸಡಿಲಿಸಬೇಕೆನ್ನುವವರು ಹೆಣ್ಣಿನ ಆಯ್ಕೆಯನ್ನೂ, ಬೇಡವೆನ್ನುವವರು ಹೊರಗೆ ಬದುಕಬಲ್ಲ ಹಂತ ತಲುಪಿದ ಭ್ರೂಣವನ್ನೂ ಮುಂದಿಡುತ್ತಾರೆ. ಮಲೆನಾಡಿನಲ್ಲಿ ಕುಳಿತು ನೋಡಿದರೆ ನನಗೆ ಮೊದಲು ಕಾಣುವುದು ದಾರಿ. ನ್ಯೂನತೆ ತಿಳಿಸುವ ಸ್ಕ್ಯಾನಿಂಗ್ ಸಾಮಾನ್ಯವಾಗಿ 18ರಿಂದ 20 ವಾರಗಳಲ್ಲಿ ಆಗುತ್ತದೆ. ಆಷಾಢದ ಮಳೆಗೆ ಹಳ್ಳ ಉಕ್ಕಿ, ಹೊಸನಗರದ ಒಳಹಳ್ಳಿಯಿಂದ ಬಸ್ಸು ಹೊರಡದಿದ್ದರೆ ಒಂದು ವಾರ ಹಾಗೆಯೇ ಜಾರಿಹೋಗುತ್ತದೆ. ಹಾಗಾಗಿ 18ನೇ ವಾರದಲ್ಲೇ ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಿ ಸ್ಕ್ಯಾನಿಂಗ್ ಮಾಡಿಸಿ, ವರದಿಯನ್ನು ಅಂದೇ ವೈದ್ಯರಿಗೆ ತೋರಿಸಿ.

18 ವರ್ಷ ತುಂಬಿದವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಸಹಿ ತನ್ನಿ ಎಂದು ಯಾರಾದರೂ ಹಿಂದೆ ಕಳಿಸಿದರೆ, ದಿನ ಕಳೆಯದೆ ಬೇರೆ ವೈದ್ಯರನ್ನು ಕಾಣಿ. ಮೆಡಿಕಲ್ ಅಂಗಡಿಯ ಮಾತ್ರೆಯನ್ನು ಮಾತ್ರ ನೀವೇ ತೆಗೆದುಕೊಳ್ಳಬೇಡಿ.